ಮದರಾಸಿನ ರುಮಾಲು, ಮಾರ್ಟಿನೀಕಿನ ಮುಡಿ

ರುಮಾಲು ಎಂದರೇನು ಎಂದು ಊರು ಬಿಟ್ಟು ಬಂದ ಕನ್ನಡಿಗರ ಮನೆಯಲ್ಲಿ ಕೇಳಿದರೆ ಎರಡು ಉತ್ತರ ಸಿಗುವುದುಂಟು. ಹಳೇ ಮೈಸೂರಿನ ಕಡೆಯ ಅಜ್ಜಂದಿರಿಗೆ ರುಮಾಲು ಎಂದರೆ ತಲೆಗೆ ಸುತ್ತುವ ವಸ್ತ್ರ, ಮರ್ಯಾದೆಯ ಗುರುತು. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ಹುಟ್ಟಿ ಬೆಳೆದ ಮೊಮ್ಮಕ್ಕಳಿಗೆ ಅದು ಮೂಗೊರೆಸಿಕೊಂಡು ಜೇಬಿನಲ್ಲಿ ತುರುಕಿಕೊಳ್ಳುವ ಬಟ್ಟೆ. ತಾತ ರುಮಾಲು ಸುತ್ತಿಕೊಂಡು ಮದುವೆಗೆ ಹೋಗಿದ್ದರು ಎಂದರೆ ಈ ಮಕ್ಕಳು ಮುಸಿಮುಸಿ ನಗುತ್ತಾರೆ. ಶಬ್ದಾರ್ಥದ ಮಟ್ಟಿಗೆ ಮಕ್ಕಳದೇ ಸರಿ. ಪಾರಸಿಯಲ್ಲಿ ‘ರೂ’ ಎಂದರೆ ಮುಖ, ‘ಮಾಲ್’ ಎಂದರೆ ಒರೆಸುವಂಥದು. ಇಂಗ್ಲಿಷಿನವರ ಪಾಡು ಇದಕ್ಕೆ ತಿರುಗುಮುರುಗು. ಅವರ ‘ಕರ್ಚೀಫ್’ ಹಳೆಯ ಫ್ರೆಂಚಿನಿಂದ ಬಂದದ್ದು, ತಲೆ ಮುಚ್ಚುವ ವಸ್ತ್ರ ಎಂದೇ ಅದರ ಮೂಲಾರ್ಥ. ತಲೆಯಿಂದ ಇಳಿದು ಕೈಗೆ ಬಂದ ಮೇಲೆ ಅದಕ್ಕೆ ‘ಹ್ಯಾಂಡ್’ ಎಂಬ ಬಾಲವನ್ನು ಮುಂದುಗಡೆ ಅಂಟಿಸಿದರು.

ಈ ಶಬ್ದಜಿಜ್ಞಾಸೆಯನ್ನು ಇಲ್ಲಿ ತೆಗೆದದ್ದಕ್ಕೆ ಕಾರಣವಿದೆ. ‘ಮದರಾಸ್ ಹ್ಯಾಂಡ್‌ಕರ್ಚೀಫ್’ ಎಂಬ ಹೆಸರಿನಲ್ಲಿ ನಮ್ಮ ಈ ಚೆನ್ನೈ ಬಂದರಿನಿಂದಲೂ ಇದರ ಉತ್ತರಕ್ಕಿರುವ ತೆಲುಗು ಕರಾವಳಿಯಿಂದಲೂ ಹಡಗು ಹತ್ತಿದ ಚೌಕಳಿ ಬಟ್ಟೆಯೊಂದು, ಕೈವಸ್ತ್ರವೆಂಬ ಹೆಸರು ಹೊತ್ತೇ ಹೋಗಿ, ಅಟ್ಲಾಂಟಿಕ್ ಸಾಗರದ ಆಚೆ ದಡದಲ್ಲಿ ಲಕ್ಷಾಂತರ ಹೆಂಗಸರ ತಲೆಯ ಮೇಲೆ ಕುಳಿತಿತು. ನಮ್ಮ ಅಜ್ಜಂದಿರ ಅರ್ಥವೇ ಅಲ್ಲಿ ಗೆದ್ದಿತೆನ್ನಬೇಕು. ಫ್ರೆಂಚ್ ಭಾಷೆಯಲ್ಲಿ ಇಂದಿಗೂ ‘ಮದ್ರಾಸ್’ ಎಂದರೆ ಊರಿನ ಹೆಸರಷ್ಟೇ ಆಗಿರದೆ ತಲೆಗೆ ಕಟ್ಟುವ ಬಣ್ಣದ ಚೌಕ ಎಂಬ ಅರ್ಥವೂ ಇದೆ. 1996ರಲ್ಲಿ ನಮ್ಮ ನಗರದ ಹೆಸರು ಅಧಿಕೃತವಾಗಿ ಚೆನ್ನೈ ಆಯಿತು. ಮಾರ್ಟಿನೀಕ್, ಗ್ವಾಡೆಲೂಪ್, ಸೇಂಟ್ ಲೂಸಿಯಾ, ಡೊಮಿನಿಕಾ ದ್ವೀಪಗಳ ಹೆಂಗಸರು ಹಬ್ಬದ ದಿನ ಇನ್ನೂ ಮದ್ರಾಸನ್ನೇ ಉಡುತ್ತಾರೆ, ಮದ್ರಾಸನ್ನೇ ಮುಡಿಯುತ್ತಾರೆ.

ಮೊದಲು ಬಟ್ಟೆಯ ವಿಷಯ. ಇದು ಬಲು ಸಾದಾ ಬಟ್ಟೆ. ಅಚ್ಚು ಒತ್ತಿದ್ದಲ್ಲ, ಕಸೂತಿ ಹಾಕಿದ್ದಲ್ಲ. ನೂಲನ್ನು ಮೊದಲೇ ಬಣ್ಣಕ್ಕೆ ಅದ್ದಿ, ಹಾಸಿಗೆ ಒಂದಷ್ಟು ಕೆಂಪು, ಒಂದಷ್ಟು ನೀಲಿ, ಹೊಕ್ಕಿಗೂ ಅದೇ ಲೆಕ್ಕದಲ್ಲಿ ಲಾಳಿ ಬದಲಾಯಿಸಿ ನೇಯ್ದರೆ ತಾನೇ ತಾನಾಗಿ ಚೌಕಳಿ ಬೀಳುತ್ತದೆ. ನಮ್ಮ ಇಳಕಲ್ ಸೀರೆಯ ಒಡಲಿನಲ್ಲಿ ಕಾಣುವ ಚೌಕಳಿಯ ತತ್ತ್ವವೂ ಇದೇ. ಒಂದು ಗಜ ಉದ್ದ, ಒಂದು ಗಜ ಅಗಲದ ಚೌಕಗಳು ಒಂದರ ಬೆನ್ನಿಗೆ ಒಂದಾಗಿ ಎಂಟು ಗಜದ ಥಾನಿನಲ್ಲಿ ಬರುತ್ತಿದ್ದವು, ಬೇಕಾದವರು ಕತ್ತರಿಸಿಕೊಳ್ಳಬೇಕು.

ಬಣ್ಣದಲ್ಲಿಯೇ ಇದರ ಜೀವ ಇದ್ದದ್ದು. ನೀಲಿ ಬರುತ್ತಿದ್ದುದು ನೀಲಿ ಗಿಡದಿಂದ, ಹಳದಿ ಅರಿಶಿನದಿಂದ, ಕೆಂಪು ಚಾಯ್ ಬೇರಿನಿಂದ. ತಮಿಳರು ‘ಸಾಯವೇರ್’, ತೆಲುಗರು ‘ಚಿರುವೇರು’ ಎನ್ನುವ ಈ ಗಿಡ ಕರಾವಳಿಯ ಮರಳುನೆಲದಲ್ಲಿ ಬೆಳೆಯುವ ಒಂದು ಪುಟ್ಟ ಪೊದೆ. ನೋಡಿದರೆ ಕಳೆ ಎಂದು ಕಿತ್ತು ಬಿಸಾಡಬೇಕೆನಿಸುತ್ತದೆ. ಅದರ ಬೇರಿನಲ್ಲಿ ಅಲಿಝರಿನ್ ಎಂಬ ವಸ್ತು ಇದೆ. ರಸಾಯನಶಾಸ್ತ್ರ ಓದಿದವರಿಗೆ ಗೊತ್ತಿರುವಂತೆ ಹತ್ತಿಯ ನೂಲು ಈ ಬಣ್ಣವನ್ನು ನೇರವಾಗಿ ಹಿಡಿದಿಟ್ಟುಕೊಳ್ಳದು. ನಡುವೆ ಪಟಿಕ ಬೇಕು. ಪಟಿಕದಲ್ಲಿರುವ ಅಲ್ಯುಮಿನಿಯಂ ಒಂದು ಕೈಯಿಂದ ನೂಲನ್ನೂ ಇನ್ನೊಂದು ಕೈಯಿಂದ ಬಣ್ಣವನ್ನೂ ಹಿಡಿದುಕೊಳ್ಳುತ್ತದೆ. ಜೊತೆಗೆ ಸ್ವಲ್ಪ ಸುಣ್ಣದ ಅಂಶ ಸಿಕ್ಕರೆ ಕೆಂಪು ಇನ್ನಷ್ಟು ಗಾಢ. ಕೃಷ್ಣಾ ನದಿ ಸಮುದ್ರ ಸೇರುವ ಕಡೆಯ ಚಾಯ್ ಬೇರಿಗೆ ಹದಿನೇಳನೇ ಶತಮಾನದ ಡಚ್ ಮತ್ತು ಇಂಗ್ಲಿಷ್ ವರ್ತಕರು ಮುಗಿಬೀಳುತ್ತಿದ್ದುದು ಸುಮ್ಮನೆ ಅಲ್ಲ. ನಮ್ಮ ಬಣ್ಣಗಾರರಿಗೆ ಅಲ್ಯುಮಿನಿಯಂ ಎಂಬ ಹೆಸರು ತಿಳಿದಿರಲಿಲ್ಲ, ಕೆಲಸ ತಿಳಿದಿತ್ತು. 1868ರಲ್ಲಿ ಬರ್ಲಿನ್ನಿನ ಗ್ರೇಬ ಮತ್ತು ಲೀಬರ್‌ಮನ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಅಲಿಝರಿನ್ನನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರು. ಕೆಲವೇ ವರ್ಷಗಳಲ್ಲಿ ಕಾರ್ಖಾನೆಯ ಕೆಂಪು ಬಂದು ಚಾಯ್ ಬೇರು ಅಗೆಯುವವರ ಕಸುಬು ನೆಲ ಕಚ್ಚಿತು.

ಈ ಬಟ್ಟೆಯ ಹಳೆಯ ಪೇಟೆ ಎಂದರೆ ಚೆನ್ನೈಗೆ ಉತ್ತರದಲ್ಲಿ, ಬಸ್ಸಿನಲ್ಲಿ ಹೋದರೆ ಎರಡು ಗಂಟೆಯ ದಾರಿಯಲ್ಲಿರುವ ಪಳವೇರ್ಕಾಡು, ಎಂದರೆ ಪುಲಿಕಾಟ್. ಇಲ್ಲಿ ಕನ್ನಡಿಗರಿಗೆ ಒಂದು ನೆಂಟಸ್ತಿಕೆಯೂ ಉಂಟು. ಪುಲಿಕಾಟ್ ವಿಜಯನಗರದ ಅರಸರ ಬಂದರು. ತಾಳೀಕೋಟೆಯ ಯುದ್ಧವಾಗಿ ಹಂಪೆ ಹಾಳಾದ ಮೇಲೆ ರಾಜಧಾನಿ ಪೆನುಗೊಂಡೆ, ಚಂದ್ರಗಿರಿ, ವೆಲ್ಲೂರು ಎಂದು ಅಲೆಯಿತಷ್ಟೆ. ಆ ಕಾಲದ ಅರವೀಡು ವಂಶದ ವೆಂಕಟಪತಿರಾಯನ ಅಪ್ಪಣೆ ಪಡೆದೇ 1610ರಲ್ಲಿ ಡಚ್ಚರು ಪುಲಿಕಾಟಿನಲ್ಲಿ ನೆಲೆಯೂರಿದರು. 1639ರಲ್ಲಿ ಅದೇ ವಂಶದ ಅಧೀನದಲ್ಲಿದ್ದ ದಾಮರ್ಲ ವೆಂಕಟಪ್ಪ ನಾಯಕನಿಂದ ಒಂದು ತುಂಡು ಮರಳುಭೂಮಿ ಪಡೆದು ಇಂಗ್ಲಿಷರು ಸೇಂಟ್ ಜಾರ್ಜ್ ಕೋಟೆ ಕಟ್ಟಿದರು. ಇಬ್ಬರಿಗೂ ಬೇಕಾಗಿದ್ದುದು ಒಂದೇ: ನೇಕಾರರ ಹಳ್ಳಿಗಳು ಹತ್ತಿರವಿರುವ ಒಂದು ದಡ. ಪುಲಿಕಾಟಿನ ಹೆಸರು ಬಟ್ಟೆಯ ಜೊತೆ ಎಷ್ಟು ದೂರ ಹೋಯಿತೆಂದರೆ ಮಲಯಾ ದೇಶದಲ್ಲಿ ಚೌಕಳಿ ಲುಂಗಿಗೆ ಈಗಲೂ ‘ಕಾಯಿನ್ ಪೆಲೆಕಾಟ್’ ಎನ್ನುತ್ತಾರೆ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಸ್ಕಾಟ್‌ಲೆಂಡಿನ ಗ್ಲಾಸ್ಗೋ ನೇಕಾರರು ಇದನ್ನು ನಕಲು ಮಾಡಿ ‘ಪುಲಿಕೇಟ್’ ಎಂದೇ ಮಾರುತ್ತಿದ್ದರು. ನಮ್ಮ ನಾಡಿನ ಇನ್ನೊಂದು ನಂಟು ಅಷ್ಟು ಹೆಮ್ಮೆಪಡುವಂಥದಲ್ಲ. 1780ರಲ್ಲಿ ಹೈದರಾಲಿಯ ಮೈಸೂರು ದಂಡು ಘಟ್ಟ ಇಳಿದು ಈ ಪ್ರಾಂತಕ್ಕೆ ನುಗ್ಗಿದಾಗ ಸುತ್ತಲ ಹಳ್ಳಿಗಳು ಸುಟ್ಟು ಬರಿದಾದವು, ನೇಕಾರರು ಮಗ್ಗ ಬಿಟ್ಟು ಓಡಿದರು.

ಇಷ್ಟೊಂದು ಬಟ್ಟೆ ಹೋಗುತ್ತಿದ್ದುದು ಎಲ್ಲಿಗೆ? ಇಂಗ್ಲೆಂಡಿಗೆ ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ಪೂರ್ತಿ ನಿಜವಲ್ಲ. ನಮ್ಮ ಬಣ್ಣದ ಹತ್ತಿ ಬಟ್ಟೆಗೆ ಅಲ್ಲಿನ ಹೆಂಗಸರು ಮರುಳಾದದ್ದನ್ನು ಕಂಡು ಅಲ್ಲಿನ ಉಣ್ಣೆ, ರೇಷ್ಮೆ ನೇಕಾರರು ದಂಗೆಯೆದ್ದರು. 1700ರಲ್ಲಿ ಒಂದು, 1721ರಲ್ಲಿ ಇನ್ನೊಂದು ಕಾಯಿದೆ ಬಂದು ಬಣ್ಣ ಹಾಕಿದ ಭಾರತದ ಬಟ್ಟೆಗಳಿಗೆ ಆ ದೇಶದ ಒಳಗೆ ಬಾಗಿಲು ಮುಚ್ಚಿತು. ಫ್ರಾನ್ಸ್ ಅದಕ್ಕೂ ಮೊದಲೇ, 1686ರಲ್ಲಿ, ನಿಷೇಧ ಹಾಕಿತ್ತು. ಆದರೆ ಕಾಯಿದೆಯಲ್ಲಿ ಒಂದು ಕಿಂಡಿ ಇತ್ತು: ಲಂಡನ್ನಿನ ಉಗ್ರಾಣಕ್ಕೆ ತಂದು, ಅಲ್ಲಿಂದ ಬೇರೆ ದೇಶಕ್ಕೆ ಕಳಿಸುವುದಾದರೆ ಅಡ್ಡಿಯಿಲ್ಲ. ಆ ಬೇರೆ ದೇಶಗಳಲ್ಲಿ ಮುಖ್ಯವಾದುದು ಪಶ್ಚಿಮ ಆಫ್ರಿಕದ ಕರಾವಳಿ.

ಈ ಚರಿತ್ರೆಯ ಅತ್ಯಂತ ಕಹಿಯಾದ ಭಾಗ ಇದು. ಆಫ್ರಿಕದ ಕರಾವಳಿಯಲ್ಲಿ ಯುರೋಪಿನ ಹಡಗುಗಳು ಮನುಷ್ಯರನ್ನು ಕೊಳ್ಳುತ್ತಿದ್ದವು. ಕೊಳ್ಳಲು ಕೊಡುತ್ತಿದ್ದ ಸರಕುಗಳಲ್ಲಿ ಬಂದೂಕು, ಮದ್ಯ, ಕವಡೆ, ಕಬ್ಬಿಣದ ಜೊತೆಗೆ ಬಹು ದೊಡ್ಡ ಪಾಲು ಭಾರತದ ಹತ್ತಿ ಬಟ್ಟೆ. ಅಲ್ಲಿನ ವರ್ತಕರು ಬಟ್ಟೆಯ ವಿಷಯದಲ್ಲಿ ಬಲು ಚೊಕ್ಕ. ಕೈಯಲ್ಲಿ ಉಜ್ಜಿ, ಮೂಸಿ, ಬಣ್ಣ ನೋಡಿ, ಇದು ಭಾರತದ್ದಲ್ಲ, ನಿಮ್ಮೂರ ನಕಲು ಎಂದು ಹಿಂದಕ್ಕೆ ತಳ್ಳುತ್ತಿದ್ದರು. ನಾಲ್ಕು ಶತಮಾನಗಳ ಕಾಲ ನಡೆದ ಆ ವ್ಯಾಪಾರದಲ್ಲಿ ಸುಮಾರು 1 ಕೋಟಿ 25 ಲಕ್ಷ ಜನರನ್ನು ಹಡಗಿಗೆ ತುಂಬಲಾಯಿತೆಂದು ಇಂದಿನ ಇತಿಹಾಸಕಾರರ ಲೆಕ್ಕ. ಹದಿನೆಂಟು ಲಕ್ಷದಷ್ಟು ಜನ ದಾರಿಯಲ್ಲೇ ಸತ್ತರು. ಪುಲಿಕಾಟಿನ ಹಟ್ಟಿಯಲ್ಲಿ ಲಾಳಿ ಎಸೆಯುತ್ತ ಕುಳಿತಿದ್ದ ನೇಕಾರನಿಗೆ ತನ್ನ ಬಟ್ಟೆ ಯಾವ ಬೆಲೆಗೆ ಯಾರನ್ನು ಕೊಳ್ಳುತ್ತಿದೆ ಎಂಬುದು ತಿಳಿದಿರಲು ಸಾಧ್ಯವಿರಲಿಲ್ಲ. ಅವನಿಗೆ ಗೊತ್ತಿದ್ದುದು ಕಂಪೆನಿಯ ದಲ್ಲಾಳಿ, ಮುಂಗಡ ಹಣ ಮತ್ತು ಅದರ ಸಾಲ. ಆದರೆ ಇಂದು ತಿಳಿದಿರುವ ನಾವು, ನಮ್ಮ ನೇಕಾರಿಕೆ ಜಗತ್ಪ್ರಸಿದ್ಧವಾಗಿತ್ತು ಎಂದು ಸಭೆಗಳಲ್ಲಿ ಎದೆ ತಟ್ಟಿಕೊಳ್ಳುವಾಗ ಈ ಒಂದು ಸಾಲನ್ನು ನುಂಗಿಬಿಡುವುದು ಸರಿಯೆನಿಸುವುದಿಲ್ಲ.

ಹೀಗೆ ಬಟ್ಟೆಗೆ ಬದಲಾಗಿ ಮಾರಲ್ಪಟ್ಟವರು ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಿಗೆ ಬಂದಿಳಿದರು. 1685ರ ಫ್ರೆಂಚ್ ರಾಜಶಾಸನದ ಪ್ರಕಾರ ಒಬ್ಬ ಗುಲಾಮನಿಗೆ ವರ್ಷಕ್ಕೆ ಎರಡು ಜೊತೆ ಒರಟು ಬಟ್ಟೆ ಕೊಟ್ಟರೆ ಒಡೆಯನ ಜವಾಬ್ದಾರಿ ಮುಗಿಯಿತು. ತಲೆಗೆ ವಸ್ತ್ರ ಕಟ್ಟುವುದು ಆಫ್ರಿಕದ ಹಲವು ಕಡೆ ಮೊದಲಿನಿಂದ ಇದ್ದ ವಾಡಿಕೆ. ಕಬ್ಬಿನ ಗದ್ದೆಯ ಬಿಸಿಲಿಗೂ ಧೂಳಿಗೂ ಅದು ಅನುಕೂಲ. ಗುಲಾಮರು ವಾರಕ್ಕೊಂದು ದಿನ ತಮ್ಮ ತುಂಡುನೆಲದಲ್ಲಿ ಬೆಳೆದ ಗೆಡ್ಡೆ ಗೆಣಸು ಮಾರಿ ನಾಲ್ಕು ಕಾಸು ಕಂಡಾಗ ಹೆಂಗಸರು ಮೊದಲು ಕೊಂಡದ್ದು ಏನು? ಒಂದು ಬಣ್ಣದ ಚೌಕ. ಅಂಗಡಿಯಲ್ಲಿದ್ದುದು ಮದರಾಸಿನದು. ಅಗೊಸ್ತಿನೊ ಬ್ರೂನಿಯಾಸ್ ಎಂಬ ಇಟಲಿಯ ಚಿತ್ರಕಾರ 1760ರ ದಶಕದ ಕೊನೆಯಿಂದ ಡೊಮಿನಿಕಾ ಮೊದಲಾದ ದ್ವೀಪಗಳಲ್ಲಿದ್ದು ಸಂತೆಯ ದೃಶ್ಯಗಳನ್ನು ಬರೆದ. ಅವನ ಚಿತ್ರಗಳ ತುಂಬ ತಲೆಗೆ ವಸ್ತ್ರ ಸುತ್ತಿದ ಹೆಂಗಸರು. ಕೆಲವರ ತಲೆಯಲ್ಲಿ ಚೌಕಳಿ ಸ್ಪಷ್ಟವಾಗಿ ಕಾಣುತ್ತದೆ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಸರಿಪಡಿಸಬೇಕು. ಮದ್ರಾಸ್ ಬಟ್ಟೆಯನ್ನು ಆ ದ್ವೀಪಗಳಿಗೆ ಕೊಂಡೊಯ್ದವರು ನಮ್ಮ ಕಡೆಯ ಕೂಲಿಗಳು ಎಂದು ಹೇಳುವವರಿದ್ದಾರೆ. ಕೇಳಲು ಹಿತವಾಗಿದೆ, ಆದರೆ ಇಸವಿಗಳು ಒಪ್ಪುವುದಿಲ್ಲ. ಫ್ರೆಂಚ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾದದ್ದು 1848ರಲ್ಲಿ. ತೋಟಕ್ಕೆ ಆಳು ಸಾಲದೆ ಪುದುಚೇರಿ, ಕಾರೈಕಾಲ್‌ಗಳಿಂದ ಕರಾರಿನ ಕೂಲಿಗಳನ್ನು ಒಯ್ಯತೊಡಗಿದರು; ‘ಓರೇಲಿ’ ಎಂಬ ಹಡಗು ಮೊದಲ ತಂಡವನ್ನು ಮಾರ್ಟಿನೀಕಿಗೆ 1853ರಲ್ಲಿ, ಗ್ವಾಡೆಲೂಪಿಗೆ 1854ರಲ್ಲಿ ಇಳಿಸಿತು. ಬ್ರೂನಿಯಾಸನ ಚಿತ್ರಗಳು ಅದಕ್ಕಿಂತ ಎಂಬತ್ತು ವರ್ಷ ಹಿಂದಿನವು. ಎಂದರೆ ಆ ತಮಿಳು, ತೆಲುಗು ಹೆಂಗಸರು ಏಳು ಕಡಲು ದಾಟಿ ಹೊಸ ನೆಲದಲ್ಲಿ ಕಾಲಿಟ್ಟಾಗ, ಎದುರು ಬಂದ ಕಪ್ಪು ಹೆಂಗಸಿನ ತಲೆಯ ಮೇಲೆ ತಮ್ಮ ಕರಾವಳಿಯ ಬಟ್ಟೆ ಮೊದಲೇ ಬಂದು ಕುಳಿತಿತ್ತು, ಅದೂ ತಮ್ಮ ಕಡೆಯ ಪಟ್ಟಣದ ಹೆಸರಿನಲ್ಲಿ.

ಈಗ ಕೆರಿಬಿಯನ್ನಿನಿಂದ ಸ್ವಲ್ಪ ವಾಯವ್ಯಕ್ಕೆ, ಅಮೆರಿಕದ ಲೂಯಿಸಿಯಾನಾಕ್ಕೆ ಹೋಗೋಣ. ಹದಿನೆಂಟನೇ ಶತಮಾನದ ಉತ್ತರಾರ್ಧದಲ್ಲಿ ಅದು ಸ್ಪೇನಿನ ಆಳ್ವಿಕೆಯಲ್ಲಿತ್ತು. ಸ್ಪೇನಿನ ಕಾನೂನಿನಲ್ಲಿ ಗುಲಾಮರು ಹಣ ಕೂಡಿಸಿಕೊಟ್ಟು ತಮ್ಮ ಬಿಡುಗಡೆಯನ್ನು ತಾವೇ ಕೊಂಡುಕೊಳ್ಳಲು ಅವಕಾಶವಿತ್ತು. ಹೀಗೆ ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ ಸ್ವತಂತ್ರರಾದ ಕಪ್ಪು ಮತ್ತು ಮಿಶ್ರವರ್ಣದ ಹೆಂಗಸರ ಸಂಖ್ಯೆ ಬೆಳೆಯಿತು. ಅವರಲ್ಲಿ ವ್ಯಾಪಾರ ಮಾಡುವವರಿದ್ದರು, ಮನೆ ಮಠ ಇದ್ದವರಿದ್ದರು. ಕೂದಲನ್ನು ಎತ್ತರಕ್ಕೆ ಕಟ್ಟಿ, ಗರಿ ಸಿಕ್ಕಿಸಿ, ಆಭರಣ ಇಟ್ಟು ಬೀದಿಯಲ್ಲಿ ನಡೆದರೆ ಬಿಳಿಯ ಮಹಿಳೆಯರು ಮಂಕಾಗಿ ಕಾಣುತ್ತಿದ್ದರಂತೆ. ದೂರು ಮೇಲಕ್ಕೆ ಹೋಯಿತು. 1786ರ ಜೂನ್ ತಿಂಗಳಲ್ಲಿ ಗವರ್ನರ್ ಎಸ್ತೆಬಾನ್ ಮಿರೊ ಒಂದು ಆಜ್ಞೆ ಹೊರಡಿಸಿದ: ಕಪ್ಪು ಮತ್ತು ಮಿಶ್ರವರ್ಣದ ಹೆಂಗಸರು ಕೂದಲಿನಲ್ಲಿ ಗರಿ, ಆಭರಣ ಧರಿಸಕೂಡದು; ಕೂದಲನ್ನು ವಸ್ತ್ರದಲ್ಲಿ ಕಟ್ಟಿಕೊಂಡಿರಬೇಕು. ಈ ತಲೆವಸ್ತ್ರಕ್ಕೆ ಅಲ್ಲಿನ ಭಾಷೆಯಲ್ಲಿ ‘ತಿನ್ಯೊಂ’ ಎಂದು ಹೆಸರು. ಉದ್ದೇಶ ಸ್ಪಷ್ಟ. ಗುಲಾಮ ಹೆಂಗಸರು ಕೆಲಸದಲ್ಲಿ ತಲೆಗೆ ಬಟ್ಟೆ ಕಟ್ಟುತ್ತಿದ್ದರು; ನೀನು ಬಿಡುಗಡೆ ಪಡೆದಿದ್ದರೂ ಅವರ ಸಾಲಿನವಳೇ ಎಂದು ದೂರದಿಂದಲೇ ಗೊತ್ತಾಗಬೇಕು.

ಕೇಂದ್ರ ಸರ್ಕಾರದ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಡತ ತಿರುವಿದ ನಮ್ಮಂಥವರಿಗೆ ಈ ಆಜ್ಞೆಯನ್ನು ಓದಿದೊಡನೆ ಅದರ ಕರಡು ಬರೆದವನ ಬಗ್ಗೆ ಕನಿಕರ ಹುಟ್ಟುತ್ತದೆ. ಯಾವ ಬಣ್ಣ ಎಂದು ಬರೆದಿಲ್ಲ. ಎಷ್ಟು ಗಜ ಎಂದಿಲ್ಲ. ಯಾವ ಬೆಲೆಯ ಬಟ್ಟೆ, ಎಷ್ಟು ಎತ್ತರ, ಎಷ್ಟು ಮಡಿಕೆ ಎಂಬ ಯಾವ ವಿವರವೂ ಇಲ್ಲ. ಸುತ್ತೋಲೆಯಲ್ಲಿ ಹೀಗೆ ಸಂದು ಬಿಟ್ಟರೆ ಏನಾಗುತ್ತದೆಂಬುದು ಯಾವ ಗುಮಾಸ್ತನಿಗೂ ಗೊತ್ತು. ಆ ಹೆಂಗಸರು ಆಜ್ಞೆಯನ್ನು ಅಕ್ಷರಶಃ ಪಾಲಿಸಿದರು. ಸಿಕ್ಕಿದ್ದರಲ್ಲಿ ಬಲು ಚೆಂದದ, ಬಣ್ಣ ಕುಣಿಯುವ ಚೌಕಗಳನ್ನು ತಂದು, ಬೇರೆ ಬೇರೆ ಬಗೆಯ ಗಂಟು ಹಾಕಿ, ಗೋಪುರದಂತೆ ಎತ್ತರಿಸಿ ಕಟ್ಟಿದರು. ಕೂದಲಿನಲ್ಲಿ ತಾನೇ ಆಭರಣ ಕೂಡದು? ಬಟ್ಟೆಯ ಮೇಲೆ ಸಿಕ್ಕಿಸಿಕೊಂಡರು. ಗುರುತಿಸಿ ಹೀನಾಯ ಮಾಡಬೇಕೆಂದಿದ್ದ ವಸ್ತ್ರ ಗುರುತಿಸಿ ಮೆಚ್ಚುವ ವಸ್ತ್ರವಾಯಿತು. 1803ರಲ್ಲಿ ಲೂಯಿಸಿಯಾನಾ ಅಮೆರಿಕದ ಕೈಗೆ ಬಂದ ಮೇಲೆ ಆ ಆಜ್ಞೆಯನ್ನು ಜಾರಿಗೊಳಿಸುವವರೂ ಇಲ್ಲವಾದರು, ತಲೆವಸ್ತ್ರ ಮಾತ್ರ ಉಳಿಯಿತು. ಇದನ್ನು ಬರಿಯ ಜಾಣತನದ ಕಥೆಯಾಗಿ ಹೇಳಿ ನಕ್ಕುಬಿಡುವುದು ಸುಲಭ. ಆದರೆ ಬೆಳಗ್ಗೆ ಎದ್ದು ತಲೆಗೆ ಬಟ್ಟೆ ಸುತ್ತುವಾಗ ಪ್ರತಿದಿನವೂ ಇದು ನನ್ನ ಇಷ್ಟವಲ್ಲ, ಮೇಲಿನವರ ಆಜ್ಞೆ ಎಂಬುದು ಆ ಹೆಂಗಸರಿಗೆ ನೆನಪಿದ್ದೇ ಇರಬೇಕು. ಏನು ಉಡಬೇಕು, ಎಲ್ಲಿ ಮುಚ್ಚಬೇಕು, ಎಲ್ಲಿ ತೆಗೆಯಬೇಕು ಎಂದು ಹೆಂಗಸರಿಗೆ ಹೇಳಿಕೊಡುವ ಉತ್ಸಾಹ ಎಲ್ಲ ಸರ್ಕಾರಗಳಿಗೂ ಎಲ್ಲ ಕಾಲದಲ್ಲೂ ಇದ್ದದ್ದೇ. 1779ರಲ್ಲಿ ಫ್ರೆಂಚರ ಸ್ಯಾನ್ ದೊಮಾಂಗ್, ಎಂದರೆ ಇಂದಿನ ಹೈಟಿಯಲ್ಲಿಯೂ ಸ್ವತಂತ್ರ ವರ್ಣೀಯರ ಉಡುಗೆಯ ಆಡಂಬರವನ್ನು ತಡೆಯುವ ಇಂಥದೇ ಒಂದು ಆಜ್ಞೆ ಬಂದಿತ್ತು.

ಇದೇ ಹೊತ್ತಿಗೆ ಫ್ಯಾಷನ್ನಿನ ಗಾಳಿ ಹಿಂದುಮುಂದಾಗಿ ಬೀಸತೊಡಗಿತು. ನೆಪೋಲಿಯನ್ನನ ಮೊದಲ ಹೆಂಡತಿ ಜೋಸೆಫೀನ್ ಹುಟ್ಟಿದ್ದು 1763ರಲ್ಲಿ ಮಾರ್ಟಿನೀಕ್ ದ್ವೀಪದಲ್ಲಿ, ಕಬ್ಬಿನ ತೋಟದ ಒಡೆಯರ ಮನೆಯಲ್ಲಿ. 1800ರ ಆಸುಪಾಸಿನಲ್ಲಿ ಪ್ಯಾರಿಸಿನ ದೊಡ್ಡ ಮನೆತನದ ಹೆಂಗಸರು ತಲೆಗೆ ವಸ್ತ್ರ ಸುತ್ತುವುದು ಭಾರಿ ಶೋಕಿಯಾಯಿತು. ಸ್ವತಃ ನೆಪೋಲಿಯನ್ ರಾತ್ರಿ ಮಲಗುವಾಗ ತಲೆಗೆ ಮದ್ರಾಸ್ ಕಟ್ಟುತ್ತಿದ್ದ. ಸೇಂಟ್ ಹೆಲೆನಾದಲ್ಲಿ ಸೆರೆಯಲ್ಲಿದ್ದಾಗಲೂ ಅವನ ತಲೆಯ ಮೇಲೆ ಅದೇ ಇತ್ತೆಂದು ಜೊತೆಗಿದ್ದವರು ಬರೆದಿದ್ದಾರೆ. ಅದೇ ಬಟ್ಟೆಯನ್ನು ಗುಲಾಮ ಹೆಂಗಸು ಕಟ್ಟಿದರೆ ಹೀನಾಯ, ಚಕ್ರವರ್ತಿ ಕಟ್ಟಿದರೆ ಆರಾಮ. 1802ರಲ್ಲಿ ಫ್ರೆಂಚ್ ವಸಾಹತುಗಳಲ್ಲಿ ಗುಲಾಮಗಿರಿಗೆ ಮತ್ತೆ ಕಾನೂನಿನ ಮುದ್ರೆ ಒತ್ತಿದವನೂ ಇದೇ ನೆಪೋಲಿಯನ್.

ಮಾರ್ಟಿನೀಕಿನ ಹೆಂಗಸರು ಈ ವಸ್ತ್ರವನ್ನು ಎಷ್ಟರ ಮಟ್ಟಿಗೆ ತಮ್ಮದಾಗಿ ಮಾಡಿಕೊಂಡರೆಂಬುದಕ್ಕೆ ಒಬ್ಬ ಹೊರಗಿನವನ ಸಾಕ್ಷ್ಯವಿದೆ. ಮುಂದೆ ಜಪಾನಿಗೆ ಹೋಗಿ ಅಲ್ಲಿಯವನೇ ಆಗಿಬಿಟ್ಟ ಲೇಖಕ ಲಾಫ್ಕಾಡಿಯೊ ಹರ್ನ್ 1887ರಿಂದ ಸುಮಾರು ಎರಡು ವರ್ಷ ಮಾರ್ಟಿನೀಕಿನ ಸೇಂಟ್ ಪಿಯೆರ್ ಪಟ್ಟಣದಲ್ಲಿದ್ದ. ಅಲ್ಲಿ ಒಂದು ವಿಚಿತ್ರ ಕಸುಬನ್ನು ಅವನು ಕಂಡು ಬರೆದಿದ್ದಾನೆ. ಅಂಗಡಿಯಿಂದ ತಂದ ಮದ್ರಾಸ್ ಅಲ್ಲಿನವರ ಕಣ್ಣಿಗೆ ಸಪ್ಪೆ. ಅದಕ್ಕೆಂದೇ ಇದ್ದ ಕುಶಲ ಹೆಂಗಸರು ಆ ಚೌಕಳಿಯ ಪಟ್ಟೆಗಳನ್ನು ಅನುಸರಿಸಿ, ಅಂಟು ಕಲಸಿದ ಗಾಢ ಹಳದಿ ಬಣ್ಣವನ್ನು ಕುಂಚದಿಂದ ಕೈಯಾರೆ ಬಳಿಯುತ್ತಿದ್ದರು. ಹೀಗೆ ಬಣ್ಣ ಬಳಿದ ತಲೆವಸ್ತ್ರ ಬಿಸಿಲಿನಲ್ಲಿ ಚಿನ್ನದಂತೆ ಹೊಳೆಯುತ್ತಿತ್ತು. ನೇಯ್ದ ಬಟ್ಟೆಗೆ ಮೇಲಿಂದ ಬಣ್ಣ ಬಳಿಯುವುದೆಂದರೆ ನಮ್ಮ ನೇಕಾರರು ಹಣೆ ಚಚ್ಚಿಕೊಳ್ಳುತ್ತಿದ್ದರೇನೋ! ಆ ಸೇಂಟ್ ಪಿಯೆರ್ ಪಟ್ಟಣ ಇಂದು ಹಾಗಿಲ್ಲ. 1902ರ ಮೇ 8ರಂದು ಪೆಲೆ ಪರ್ವತದ ಜ್ವಾಲಾಮುಖಿ ಸಿಡಿದು ಕೆಲವೇ ನಿಮಿಷಗಳಲ್ಲಿ ಸುಮಾರು 28,000 ಜನರೊಡನೆ ಅದು ಬೂದಿಯಾಯಿತು.

ತಲೆವಸ್ತ್ರದ ತುದಿಗಳಿಗೆ ಒಂದು ಭಾಷೆಯೂ ಬೆಳೆಯಿತು. ಗಂಟು ಹಾಕಿದ ಮೇಲೆ ಒಂದೇ ತುದಿ ಕೋಡಿನಂತೆ ಮೇಲೆದ್ದಿದ್ದರೆ ‘ನನ್ನ ಮನಸ್ಸು ಯಾರಿಗೂ ಕೊಟ್ಟಿಲ್ಲ’, ಎರಡಿದ್ದರೆ ‘ಕೊಟ್ಟಾಗಿದೆ, ಆದರೂ ಪ್ರಯತ್ನ ಮಾಡಬಹುದು’, ಮೂರಿದ್ದರೆ ‘ಮದುವೆಯಾಗಿದೆ’, ನಾಲ್ಕಿದ್ದರೆ ‘ಇನ್ನೂ ಒಬ್ಬರಿಗೆ ಜಾಗವಿದೆ’. ದ್ವೀಪದಿಂದ ದ್ವೀಪಕ್ಕೆ ಅರ್ಥ ಕೊಂಚ ಬೇರೆಯಾಗುತ್ತದೆ. ಪ್ರವಾಸಿಗಳಿಗೆ ಹೇಳಲು ಇದು ಸೊಗಸಾದ ವಿಷಯವಾದ್ದರಿಂದ ಈಗೀಗ ಅದಕ್ಕೆ ಸ್ವಲ್ಪ ಉಪ್ಪುಖಾರ ಸೇರಿರಬಹುದು. ನಮ್ಮಲ್ಲಿ ಸೆರಗನ್ನು ಎಡಕ್ಕೆ ಹೊದೆಯುವುದು, ಬಲಕ್ಕೆ ಹೊದೆಯುವುದು, ತಲೆಯ ಮೇಲೆ ಎಳೆದುಕೊಳ್ಳುವುದು, ಹೆಗಲಿಗೆ ಬಿಡುವುದು, ಇವೆಲ್ಲಕ್ಕೂ ಊರವರು ಅರ್ಥ ಓದುತ್ತಿರಲಿಲ್ಲವೇ, ಹಾಗೆ. ಸೆರಗು ಇದ್ದುದರಿಂದಲೇ ಇರಬೇಕು, ಕರಾವಳಿಯ ನೇಕಾರನ ಮನೆಯ ಹೆಂಗಸು ತಾನು ನೂಲು ಸುತ್ತಿ, ಗಂಜಿ ಹಾಕಿ ಕೊಟ್ಟ ಈ ಚೌಕವನ್ನು ಒಂದು ದಿನವೂ ತಲೆಗೆ ಕಟ್ಟಲಿಲ್ಲ.

ಫ್ರೆಂಚ್ ದ್ವೀಪಗಳಲ್ಲಿ ಹಡಗು ಹೊರಡುವಾಗ ಹಾಡುವ ಒಂದು ಬೀಳ್ಕೊಡುಗೆಯ ಹಾಡಿದೆ. ‘ಅದ್ಯೂ ಫುಲಾರ್, ಅದ್ಯೂ ಮದ್ರಾಸ್’ ಎಂಬುದೇ ಅದರ ಹೆಸರು. ಹಾಡು ಪ್ರಸಿದ್ಧವಾದಂತೆ ಮದ್ರಾಸ್ ಎಂಬ ಶಬ್ದ ಅಲ್ಲಿನ ಮಕ್ಕಳ ಬಾಯಲ್ಲೂ ನಿಂತಿತು. ಜಮೈಕದಲ್ಲಿ ಇದೇ ಬಗೆಯ ಕೆಂಪು ಚೌಕಳಿ ಬಟ್ಟೆಗೆ ‘ಬಂಡಾನ’ ಎನ್ನುತ್ತಾರೆ. ಅದೂ ನಮ್ಮ ದೇಶದ್ದೇ ಶಬ್ದ, ಕಟ್ಟಿ ಬಣ್ಣ ಹಾಕುವ ಬಾಂಧನಿಯ ನೆಂಟ. ಮಿಸ್ ಲೂ ಎಂದು ಮನೆಮಾತಾಗಿದ್ದ ಜಮೈಕದ ಜನಪದ ಕವಯಿತ್ರಿ ಲೂಯಿಸ್ ಬೆನೆಟ್ ಈ ಬಟ್ಟೆ ಉಟ್ಟು, ಇದನ್ನೇ ತಲೆಗೆ ಕಟ್ಟಿ ವೇದಿಕೆಗೆ ಬರುತ್ತಿದ್ದರು. ಒಂದು ಕಾಲಕ್ಕೆ ಸಂತೆಯ ಹೆಂಗಸಿನ ಉಡುಪೆಂದು ಓದಿದವರು ಮೂಗು ಮುರಿಯುತ್ತಿದ್ದ ಬಟ್ಟೆ ಹೀಗೆ ರಾಷ್ಟ್ರೀಯ ಉಡುಪಾಯಿತು. 1978ರಲ್ಲಿ ಸ್ವತಂತ್ರವಾದ ಡೊಮಿನಿಕಾ, 1979ರಲ್ಲಿ ಸ್ವತಂತ್ರವಾದ ಸೇಂಟ್ ಲೂಸಿಯಾ ದೇಶಗಳಲ್ಲೂ ಹಾಗೆಯೇ. ಅಕ್ಟೋಬರ್ ಕೊನೆಯಲ್ಲಿ ಬರುವ ಅವರ ಕ್ರಿಯೋಲ್ ಹಬ್ಬದಂದು ಶಾಲೆಯ ಮಕ್ಕಳಿಂದ ಹಿಡಿದು ಎಲ್ಲರೂ ಚೌಕಳಿಯಲ್ಲೇ ಓಡಾಡುತ್ತಾರೆ.

ಅಮೆರಿಕದ ಗಂಡಸರೂ 1960ರ ಸುಮಾರಿಗೆ ಮದ್ರಾಸ್ ಅಂಗಿಗೆ ಮರುಳಾದದ್ದು ಬೇರೆ ಕಥೆ. ಒಗೆದಾಗಲೆಲ್ಲ ಬಣ್ಣ ಬಿಡುತ್ತಿದ್ದ ಆ ಬಟ್ಟೆಯ ದೋಷವನ್ನೇ ಗುಣವೆಂದು ಜಾಹೀರಾತು ಮಾಡಿ, ‘ಬಣ್ಣ ಬಿಡುವುದು ಖಂಡಿತ’ ಎಂಬ ಭರವಸೆಯೊಡನೆ ಮಾರಿದರು. ಮಾರುವ ವಿದ್ಯೆ ಎಂದರೆ ಅದು!

ಮತ್ತೆ ನೇಕಾರರ ಕಡೆ ಬರೋಣ. ಪುಲಿಕಾಟಿನ ವೈಭವ ಬೇಗ ಮುಗಿಯಿತು. ಡಚ್ಚರ ಕಲ್ಲಿನ ಸಮಾಧಿಗಳು ಮಾತ್ರ ಅಲ್ಲಿ ಈಗಲೂ ನೋಡುವಂತಿವೆ. ಗ್ಲಾಸ್ಗೋ, ಮ್ಯಾಂಚೆಸ್ಟರುಗಳ ನಕಲಿನ ಮುಂದೆ ಕೈಮಗ್ಗ ಸೋತ ಕಥೆ ಎಲ್ಲರಿಗೂ ಗೊತ್ತಿರುವುದೇ. ಆದರೆ ಒಂದು ಮೂಲೆಯಲ್ಲಿ ಅದು ಸೋಲಲಿಲ್ಲ. ಆಂಧ್ರದ ಚೀರಾಲ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಇಪ್ಪತ್ತನೇ ಶತಮಾನದಲ್ಲಿಯೂ ‘ರಿಯಲ್ ಮದರಾಸ್ ಹ್ಯಾಂಡ್‌ಕರ್ಚೀಫ್’ ಎಂಬ ಹೆಸರಿನಲ್ಲಿ ಥಾನುಗಟ್ಟಲೆ ನೇಯ್ದು ಹಡಗಿಗೆ ಹಾಕುತ್ತಿದ್ದರು. ಕೊಳ್ಳುತ್ತಿದ್ದವರು ನೈಜೀರಿಯಾದವರು. ಹೆಸರಿನಲ್ಲಿ ‘ರಿಯಲ್’ ಎಂದು ಸೇರಿಸಬೇಕಾಗಿ ಬಂದದ್ದೇ ನಕಲಿನ ಹಾವಳಿ ಎಷ್ಟಿತ್ತೆಂಬುದಕ್ಕೆ ಸಾಕ್ಷಿ. ಅಲ್ಲಿನ ಹೆಂಗಸರು ಇನ್ನೂರು ವರ್ಷ ಹಿಂದಿನ ತಮ್ಮ ಅಜ್ಜಿಯರಂತೆಯೇ ಬಟ್ಟೆಯನ್ನು ಮೂಸಿ ನೋಡಿಯೇ ಕೊಳ್ಳುವುದು. ಬಣ್ಣದ, ಎಣ್ಣೆಯ, ಗಂಜಿಯ ಆ ಕಮಟು ವಾಸನೆ ಗಿರಣಿಯ ಬಟ್ಟೆಗೆ ಬರುವುದಿಲ್ಲ. 1970ರ ದಶಕದ ಕೊನೆಯಿಂದ ನೈಜೀರಿಯಾ ಸರ್ಕಾರ ಹೊರದೇಶದ ಬಟ್ಟೆಯ ಆಮದಿಗೆ ಕಡಿವಾಣ ಹಾಕಿದಾಗ ಚೀರಾಲದ ಮಗ್ಗಗಳಿಗೆ ಬಿದ್ದ ಪೆಟ್ಟು ಸಣ್ಣದಲ್ಲ.

ನೈಜೀರಿಯಾದ ಇಗ್ಬೊ ಜನ ಭಾರತದ ಬಟ್ಟೆಗೆ ‘ಜಾರ್ಜ್’ ಎನ್ನುತ್ತಾರೆ. ನಮ್ಮ ಸೇಂಟ್ ಜಾರ್ಜ್ ಕೋಟೆಯ ಹೆಸರೇ ಅದು. ನೈಜರ್ ನದಿ ಸಮುದ್ರ ಸೇರುವಲ್ಲಿನ ಕಲಬಾರಿ ಜನ ಚೌಕಳಿ ಮದ್ರಾಸಿಗೆ ‘ಇಂಜಿರಿ’ ಎನ್ನುತ್ತಾರೆ, ಮತ್ತು ಅದನ್ನು ಕೊಂಡ ಹಾಗೆಯೇ ಉಡುವುದಿಲ್ಲ. ಹೆಂಗಸರು ಬಟ್ಟೆಯನ್ನು ಮಡಿಲಲ್ಲಿ ಹರಡಿಕೊಂಡು, ಬ್ಲೇಡಿನ ತುದಿಯಿಂದ ಬೇಡದ ಎಳೆಗಳನ್ನು ಒಂದೊಂದಾಗಿ ಎತ್ತಿ ಕತ್ತರಿಸಿ ಹೊರಗೆಳೆಯುತ್ತಾರೆ. ಹಾಸಿನದು ಎಷ್ಟು, ಹೊಕ್ಕಿನದು ಎಷ್ಟು ತೆಗೆಯಬೇಕೆಂಬ ಲೆಕ್ಕ ಅವರ ಬೆರಳಿನಲ್ಲೇ ಇದೆ. ಎಳೆ ಹೋದ ಕಡೆ ಸಣ್ಣ ಕಿಂಡಿಗಳಾಗಿ, ಚೀರಾಲದ ನೇಕಾರ ಕನಸಿನಲ್ಲೂ ಕಾಣದ ಹೊಸ ಚಿತ್ತಾರ ಮೂಡುತ್ತದೆ. ಇದಕ್ಕೆ ‘ಪೆಲೆತೆ ಬಿತೆ’, ಎಂದರೆ ಕತ್ತರಿಸಿದ ಬಟ್ಟೆ ಎಂದು ಹೆಸರು. ಮನೆತನದ ಪೆಟ್ಟಿಗೆಯಲ್ಲಿ ಅಜ್ಜಿ, ಮುತ್ತಜ್ಜಿಯರು ಕತ್ತರಿಸಿದ ಇಂಥ ಬಟ್ಟೆಗಳನ್ನು ಜೋಪಾನವಾಗಿ ಇಟ್ಟಿರುತ್ತಾರೆ. ಮನೆಯ ಹಿರಿಯರೊಬ್ಬರು ತೀರಿಕೊಂಡಾಗ ಪೆಟ್ಟಿಗೆ ತೆರೆದು, ಅವರನ್ನು ಮಲಗಿಸುವ ಮಂಚವನ್ನೂ ಕೋಣೆಯ ಗೋಡೆಗಳನ್ನೂ ಈ ಚೌಕಳಿಗಳಿಂದ ಸಿಂಗರಿಸುತ್ತಾರೆ.